ಪಾರ್ಕಿನ್ಸನ್ ಕಾಯಿಲೆ: ಮುಂಬಯಿಯಲ್ಲಿ ನೃತ್ಯ ಮತ್ತು ಚಲನ ಚಿಕಿತ್ಸೆ

ಪಾರ್ಕಿನ್ಸನ್ ಕಾಯಿಲೆಯುಳ್ಳವರ ನಡಿಗೆ, ಸಮತೋಲ ಮತ್ತು ಮನಸ್ಥಿತಿಯನ್ನು ಸುಧಾರಿಸಲು ಔಷಧದ ಜೊತೆಗೆ ನೃತ್ಯ, ಯೋಗ ಮೊದಲಾದ ಲಯಬದ್ಧ ಹಾಗೂ ಗಮನಪೂರ್ವಕ ಚಲನೆಗಳನ್ನು ಬಳಸುವ ಪೂರಕ ಚಿಕಿತ್ಸಾಕ್ರಮ. ಮುಂಬಯಿಯಲ್ಲಿ ಇದು 21ನೆಯ ಶತಮಾನದ ಆರಂಭದಿಂದೀಚೆಗೆ, ಮುಖ್ಯವಾಗಿ ನರರೋಗ ತಜ್ಞರು ಹುಟ್ಟುಹಾಕಿದ ಬೆಂಬಲ ಗುಂಪುಗಳ ಮೂಲಕ ಬೆಳೆಯಿತು.

ಹಿನ್ನೆಲೆ: ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ಕೋಶಗಳು ಕ್ರಮೇಣ ನಶಿಸುವುದರಿಂದ ನಡುಕ, ಸ್ನಾಯುಗಳ ಬಿಗಿತ ಮತ್ತು ಚಲನೆಯ ನಿಧಾನಗತಿ ಕಾಣಿಸಿಕೊಳ್ಳುವ ಈ ಕಾಯಿಲೆಯನ್ನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವರ್ಣಿಸಿದ. ಆಯುರ್ವೇದದಲ್ಲಿ ಕಂಪವಾತವೆಂದು ಕರೆಯುವ ರೋಗದ ಲಕ್ಷಣಗಳು ಇದನ್ನು ಬಹುಮಟ್ಟಿಗೆ ಹೋಲುತ್ತವೆ. ಅದರ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ನಸುಗುನ್ನಿಯ ಬೀಜದಲ್ಲಿ, ದೇಹದೊಳಗೆ ಡೋಪಮಿನ್ ಆಗಿ ಮಾರ್ಪಡುವ ಲೆವೊಡೋಪ ಇದೆ. 1960ರ ದಶಕದಲ್ಲಿ ಲೆವೊಡೋಪ ಪ್ರಮುಖ ಔಷಧವಾಯಿತಾದರೂ, ವರ್ಷಗಳು ಕಳೆದಂತೆ ಅದರ ಪರಿಣಾಮ ಏರಿಳಿಯತೊಡಗುವುದರಿಂದ ಮತ್ತು ಸಮತೋಲದ ತೊಂದರೆ ಅದಕ್ಕೆ ಪೂರ್ತಿ ಬಗ್ಗದಿರುವುದರಿಂದ ವ್ಯಾಯಾಮದ ಅಗತ್ಯ ಉಳಿದುಕೊಂಡಿತು. ಮುಂಬಯಿಯ ಪಾರ್ಸಿ ಕಾಲೊನಿಗಳಲ್ಲಿ ಸಂಶೋಧಕ ಭರೂಚಾ ಮತ್ತು ಸಹವರ್ತಿಗಳು ಮನೆಮನೆಗೆ ಹೋಗಿ ನಡೆಸಿ 1988ರಲ್ಲಿ ಪ್ರಕಟಿಸಿದ ಸಮೀಕ್ಷೆ, ವೃದ್ಧರ ಪ್ರಮಾಣ ಹೆಚ್ಚಿದ್ದ ಆ ಸಮುದಾಯದಲ್ಲಿ ಲಕ್ಷಕ್ಕೆ ಸುಮಾರು 328 ಮಂದಿಗೆ ಈ ಕಾಯಿಲೆಯಿದ್ದುದನ್ನು ತೋರಿಸಿತು.

ಚಲನೆಯ ತತ್ತ್ವ: ನಡೆಯುವುದು, ತಿರುಗುವುದು ಮುಂತಾದ ರೂಢಿಯ ಚಲನೆಗಳನ್ನು ತಾನಾಗಿ ನಡೆಸುವ ಮೆದುಳಿನ ವ್ಯವಸ್ಥೆ ಈ ಕಾಯಿಲೆಯಲ್ಲಿ ದುರ್ಬಲವಾಗುವುದರಿಂದ, ಕೆಲವರ ಪಾದ ಬಾಗಿಲ ಬಳಿ ಅಥವಾ ತಿರುವಿನಲ್ಲಿ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ತಾಳ, ಎಣಿಕೆ, ನೆಲದ ಮೇಲಿನ ಗೆರೆ ಮೊದಲಾದ ಹೊರಗಿನ ಸೂಚನೆ ದೊರೆತಾಗ ಅದೇ ಹೆಜ್ಜೆ ಎಷ್ಟೋ ವೇಳೆ ಸಲೀಸಾಗುತ್ತದೆ. ನೃತ್ಯವು ಇಂಥ ಸೂಚನೆಗಳನ್ನು ಸಂಗೀತದಲ್ಲಿ ಕೂಡಿಸಿ ಕೊಡುತ್ತದೆ. ಯೋಗ ಮತ್ತು ನಿಧಾನ ಚಲನೆಗಳ ಚೀನೀ ಅಭ್ಯಾಸವಾದ ತಾಯ್ ಚಿ ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುವುದರತ್ತ ಪ್ರಜ್ಞಾಪೂರ್ವಕ ಗಮನವನ್ನು ಬೆಳೆಸುತ್ತವೆ.

ಬೆಳವಣಿಗೆ: ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2001ರಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ ಈ ರೋಗಿಗಳಿಗಾಗಿ ಆರಂಭಿಸಿದ ನೃತ್ಯ ತರಗತಿಗಳು ಕಲಾವಿದರ ಅಂಗಳದಲ್ಲಿ ಹುಟ್ಟಿದವು. ಅದೇ ವರ್ಷ ಮುಂಬಯಿಯಲ್ಲಿ ನರರೋಗ ತಜ್ಞ ಡಾ. ಬಿ. ಎಸ್. ಸಿಂಘಲ್ ಅವರ ಮುಂದಾಳ್ತನದಲ್ಲಿ ಸ್ಥಾಪನೆಯಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿಯ ದಾರಿ ಬೇರೆಯಾಗಿತ್ತು. ಇಲ್ಲಿ ನೃತ್ಯವು ಪ್ರತ್ಯೇಕ ಕಲಾ ತರಗತಿಯಾಗಿ ಬರದೆ, ಫಿಸಿಯೊಥೆರಪಿ, ಮಾತಿನ ಚಿಕಿತ್ಸೆ, ಯೋಗ ಮತ್ತು ಆಪ್ತಸಲಹೆಗಳ ಜೊತೆಗೆ ಗುಂಪು ಚಿಕಿತ್ಸೆಯ ಒಂದು ಅಂಗವಾಗಿ ನೆಲೆಗೊಂಡಿತು. ಲೋಕಲ್ ರೈಲು ಹತ್ತಿಳಿಯುವುದೇ ದುಸ್ತರವಾದ ರೋಗಿಗೆ ಮನೆಯ ಸಮೀಪ ನಡೆಯುವ ಗುಂಪು ಬಹಳ ಮುಖ್ಯವಾದುದರಿಂದ, ಉಪನಗರಗಳಲ್ಲಿಯೂ ಗುಂಪುಗಳು ಏರ್ಪಟ್ಟದ್ದು ಈ ಮಾದರಿಯ ಗಮನಾರ್ಹ ಲಕ್ಷಣ. ನೆರೆಯ ಪುಣೆಯಲ್ಲಿ ಮಾತ್ರ ಸಮಕಾಲೀನ ನೃತ್ಯಕಲಾವಿದ ಹೃಷಿಕೇಶ್ ಪವಾರ್ ನಡೆಸಿದ ತರಗತಿಗಳು ಬ್ರೂಕ್ಲಿನ್ ಮಾದರಿಗೆ ಹೆಚ್ಚು ಹತ್ತಿರವಾಗಿವೆ.

ಯೋಗಕ್ಕೆ ನಗರದಲ್ಲಿ ಮೊದಲೇ ನೆಲೆಯಿತ್ತು: ಶ್ರೀ ಯೋಗೇಂದ್ರರು 1918ರಲ್ಲಿ ವರ್ಸೋವಾದಲ್ಲಿ ಸ್ಥಾಪಿಸಿದ ಯೋಗ ಸಂಸ್ಥೆ ಮುಂದೆ ಸಾಂತಾಕ್ರೂಜ್‌ನಲ್ಲಿ ನೆಲೆಸಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ. ಕೆ. ಎಸ್. ಅಯ್ಯಂಗಾರ್ ದಶಕಗಳ ಕಾಲ ಮುಂಬಯಿಗೂ ಬಂದು ಕಲಿಸಿದರು. ಕುರ್ಚಿ, ಹಗ್ಗ, ಗೋಡೆಗಳ ಆಸರೆಯಲ್ಲಿ ಆಸನ ಮಾಡಿಸುವ ಅವರ ಕ್ರಮ ಸಮತೋಲ ಕಳೆದುಕೊಂಡವರ ಅಭ್ಯಾಸಕ್ಕೂ ಒದಗುವಂಥದು.

ಪರಿಣಾಮ ಮತ್ತು ಮಿತಿ: ಅಮೆರಿಕದ ಆರೆಗನ್‌ನಲ್ಲಿ 195 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಯ್ ಚಿ ಸಮತೋಲವನ್ನು ಉತ್ತಮಪಡಿಸಿತು, ಹಾಂಗ್‌ಕಾಂಗ್‌ನಲ್ಲಿ 138 ಮಂದಿಯೊಡನೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಧಾನ ಯೋಗವು ಆತಂಕ ಮತ್ತು ಖಿನ್ನತೆಯನ್ನು ತಗ್ಗಿಸಿತು. ಆದರೆ ಈ ಕ್ರಮಗಳಿಂದ ನಶಿಸಿದ ಕೋಶಗಳು ಮರಳಿ ಹುಟ್ಟುತ್ತವೆಂಬುದಕ್ಕೆ ಪುರಾವೆಯಿಲ್ಲ. ಆದುದರಿಂದ ಇವನ್ನು ಔಷಧಕ್ಕೆ ಬದಲಿಯಾಗಿ ಬಳಸುವುದಿಲ್ಲ. ಔಷಧದ ಪರಿಣಾಮ ಚೆನ್ನಾಗಿರುವ ಹೊತ್ತಿನಲ್ಲಿ, ಬೀಳದಂತೆ ಆಸರೆಯನ್ನಿಟ್ಟುಕೊಂಡು, ಅಗತ್ಯವಿದ್ದವರಿಗೆ ಕುಳಿತಲ್ಲಿಯೇ ಅಭ್ಯಾಸ ಮಾಡಿಸಲಾಗುತ್ತದೆ.