ಮಸೀದಿ-ದರ್ಗಾಗಳೂ ಈ ಸೀಮೆಯ ಶಿವಭಕ್ತರೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯು ಶಿವಭಕ್ತರ ನೆಲೆವೀಡು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದ ಒಕ್ಕಲಿಗರೂ ವ್ಯಾಪಾರಸ್ಥರೂ ಕಾಯಕಜೀವಿಗಳೂ ಇಲ್ಲಿ ತಲೆತಲಾಂತರದಿಂದ ಬಾಳಿಕೊಂಡು ಬಂದಿರುತ್ತಾರೆ. ಇದೇ ಜನರು ಮೊಹರಮ್ಮಿನಲ್ಲಿ ಮಸೀದಿಯ ಮುಂದೆ ನೆರೆಯುವುದೂ, ಉರುಸಿನಲ್ಲಿ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸುವುದೂ ಹೊಸತಲ್ಲ. ಇಷ್ಟಲಿಂಗವನ್ನಲ್ಲದೆ ಅನ್ಯವನ್ನು ಪೂಜಿಸೆನೆಂಬ ವ್ರತವುಳ್ಳವನಿಗೆ ಈ ನಡೆಯು ಸಲ್ಲುವುದೇ ಎಂಬ ಶಂಕೆಯು ನಿಷ್ಠಾವಂತರಲ್ಲಿ ಹುಟ್ಟುವುದು ಸಹಜವು. ಶಂಕೆಯು ಸಣ್ಣದಲ್ಲ. ಆದುದರಿಂದ ಇತಿಹಾಸದ ಸಾಕ್ಷಿಯನ್ನು ಕೇಳಿ ಉತ್ತರ ಹೇಳುವುದು ಯುಕ್ತವು.

ಮೊದಲು ಕಹಿಯಾದ ಸಾಕ್ಷಿಯನ್ನೇ ನೋಡೋಣ. ಬೆಳಗಾವಿಯ ಕೋಟೆಯೊಳಗಿನ ಸಫಾ ಮಸೀದಿಯನ್ನು ಅಸದಖಾನನು 1519 ರಲ್ಲಿ ಕಟ್ಟಿಸಿದನೆಂದು ಅಲ್ಲಿಯ ಪಾರಸಿ ಶಾಸನವು ಸಾರುತ್ತದೆ. ಆದರೆ ಆ ಮಸೀದಿಯಲ್ಲಿ ಅದಕ್ಕಿಂತಲೂ ಪ್ರಾಚೀನವಾದ ಶಾಸನಗಳುಳ್ಳ ಕಂಬಗಳಿದ್ದು, ಅವುಗಳಲ್ಲೊಂದು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು. ಹಳೆಯ ಕಟ್ಟಡಗಳ ಕಲ್ಲು ಹೊಸ ಕಟ್ಟಡಕ್ಕೆ ಸೇರಿತೆಂಬುದನ್ನು ಮರೆಮಾಚುವುದು ಚರಿತ್ರಕಾರನ ಧರ್ಮವಲ್ಲ. ಆದರೂ 1549 ರಲ್ಲಿ ಗತಿಸಿದ ಅದೇ ಅಸದಖಾನನ ಗೋರಿಗೆ ಕಾಲಾಂತರದಲ್ಲಿ ಉಭಯ ಮತದವರೂ ನಡೆದುಕೊಳ್ಳಹತ್ತಿದರು. ರಾಜರ ಕಾಲದ ಏರುಪೇರುಗಳನ್ನು ದಾಟಿ ಜನರ ಭಾವವು ಬೇರೆಯೊಂದು ದಾರಿಯನ್ನು ಹಿಡಿಯಿತು.

ಅರಸೊತ್ತಿಗೆಯು ಒಬ್ಬರ ಕೈಯಲ್ಲಿಯೇ ಇದ್ದುದಲ್ಲ. ಕಿತ್ತೂರನ್ನು 1824 ರ ಯುದ್ಧದವರೆಗೂ ಲಿಂಗಾಯತ ದೇಸಾಯರು ಆಳಿದರು. ರಾಮದುರ್ಗವು 1948 ರವರೆಗೂ ಬ್ರಾಹ್ಮಣ ಮನೆತನದ ಸಂಸ್ಥಾನವಾಗಿದ್ದಿತು. ಆಳುವವರು ಯಾರೇ ಆಗಿರಲಿ, ಹಳ್ಳಿಗಳಲ್ಲಿ ಪಂಜಾಗಳನ್ನು ಕೂಡಿಸುವುದು, ಅಲಾವಿಯ ಸುತ್ತ ಹೆಜ್ಜೆ ಹಾಕುವುದು, ಕರ್ಬಲಾ ಪದಗಳನ್ನು ಹಾಡುವುದು, ಹರಕೆ ಹೊತ್ತವರು ಲಾಡಿ ಧರಿಸಿ ಫಕೀರರಾಗುವುದು ನಡೆದೇ ಬಂದಿತು. 680 ರಲ್ಲಿ ಕರ್ಬಲೆಯಲ್ಲಿ ಮಡಿದ ಹುಸೇನನ ದುಃಖವು ಮಲಪ್ರಭೆಯ ತೀರದ ಒಕ್ಕಲುಮಕ್ಕಳ ಬಾಯಲ್ಲಿ ಕನ್ನಡದ ಹಾಡಾಯಿತು.

ಲಿಂಗಾಯತನಿಗೆ ದರ್ಗಾವು ತೀರ ಅಪರಿಚಿತವೆನಿಸದಿರುವುದಕ್ಕೆ ಮತ್ತೊಂದು ಕಾರಣವುಂಟು. ಲಿಂಗೈಕ್ಯರಾದವರನ್ನು ದಹಿಸದೆ ಸಮಾಧಿ ಮಾಡುವುದು ಶಿವಭಕ್ತರ ಪದ್ಧತಿ. 1829 ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯಳಾದ ರಾಣಿ ಚೆನ್ನಮ್ಮನ ಸಮಾಧಿಯು ಅದೇ ಊರಿನಲ್ಲಿದೆ. ಗದ್ದುಗೆಗೆ ವಸ್ತ್ರ ಹೊದಿಸಿ, ದೀಪವಿಟ್ಟು, ವರುಷಕ್ಕೊಮ್ಮೆ ಪುಣ್ಯತಿಥಿಯನ್ನು ಆಚರಿಸುವ ಭಕ್ತನು, ಚಾದರ ಹೊದಿಸಿ ಲೋಬಾನದ ಹೊಗೆ ಹಾಕಿದ ಗೋರಿಯ ಮುಂದೆ ನಿಂತಾಗ ಅದರ ಭಾವವನ್ನು ಹೇಳಿಸಿಕೊಳ್ಳದೆಯೇ ಅರಿತನು.

ಸವದತ್ತಿಗೆ ನೆರೆಯಾದ ನವಲಗುಂದ ತಾಲೂಕಿನಲ್ಲಿ, ಬೆಣ್ಣೆಹಳ್ಳದ ದಂಡೆಯ ಮೇಲೆ ಯಮನೂರಿದೆ. ಅಲ್ಲಿಯ ಮಹಿಮಾಪುರುಷನನ್ನು ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ಹುಲಿಯನ್ನೇರಿದ ರಾಜಾಬಾಗಸವಾರನೆಂದೂ ಕರೆಯುವರು. ಹೆಸರು ಎರಡು, ಜಾತ್ರೆ ಒಂದು. ಶಿರಹಟ್ಟಿಯ ಫಕೀರೇಶ್ವರ ಮಠದ ಮೂಲಪುರುಷನು ವಿಜಾಪುರದ ಅಮೀನುದ್ದೀನನ ಅನುಗ್ರಹವನ್ನು ಪಡೆದನೆಂಬುದು ಆ ಮಠದ ಪರಂಪರೆಯು. ಶಿಶುನಾಳದ ಶರೀಫಸಾಹೇಬರು (1819-1889) ಕಳಸದ ಗೋವಿಂದಭಟ್ಟರನ್ನು ಗುರುವೆಂದು ನಂಬಿ ಬಾಳಿದರು. ಅವರ ಗದ್ದುಗೆಯ ದರ್ಶನಕ್ಕೆ ಈಗಲೂ ಉಭಯ ಮತದವರು ಬರುತ್ತಾರೆ.

ಇವೆಲ್ಲಕ್ಕೂ ಮಿಗಿಲಾದ ದೃಷ್ಟಾಂತವು ಸವದತ್ತಿ ತಾಲೂಕಿನ ಹಿರೇಬಿದನೂರಿನದು. ಸುಮಾರು ಮೂರು ಸಾವಿರ ಜನವಸತಿಯ ಆ ಗ್ರಾಮದಲ್ಲಿ ಮುಸಲ್ಮಾನರ ಮನೆಯಿಲ್ಲ. ಕುರುಬರೂ ವಾಲ್ಮೀಕಿ ಜನಾಂಗದವರೂ ಅಲ್ಲಿ ಹೆಚ್ಚು. ಆದರೆ ಮಸೀದಿಯೊಂದುಂಟು. ಬಹುಕಾಲದ ಹಿಂದೆ ಇಬ್ಬರು ಮುಸಲ್ಮಾನ ಸಹೋದರರು ಅದನ್ನು ಕಟ್ಟಿಸಿದರೆಂದು ಊರವರ ಹೇಳಿಕೆ. ಆ ಸಹೋದರರು ಗತಿಸಿದ ಮೇಲೆ ಊರವರು ಮಸೀದಿಯನ್ನು ಪಾಳುಬೀಳಗೊಡಲಿಲ್ಲ. ಫಕೀರೇಶ್ವರಸ್ವಾಮಿಯ ಮಸೀದಿಯೆಂದು ಕರೆದು, ನಿತ್ಯವೂ ನಡೆದುಕೊಂಡು, ಮೊಹರಮ್ಮನ್ನು ಐದು ದಿನ ವೈಭವದಿಂದ ಆಚರಿಸುತ್ತ ಬಂದರು. 2022 ರಲ್ಲಿ ಪತ್ರಿಕೆಗಳ ಮೂಲಕ ಈ ವೃತ್ತಾಂತವು ನಾಡಿಗೆಲ್ಲ ತಿಳಿಯಿತು.

ಇದರಲ್ಲಿ ವಿಶೇಷವಾಗಿ ಮನನ ಮಾಡತಕ್ಕ ಅಂಶವೊಂದುಂಟು. ಮೊಹರಮ್ಮಿನ ಕಾಲಕ್ಕೆ ನೆರೆಯೂರಿನಿಂದ ಮೌಲವಿಯನ್ನು ಬರಮಾಡಿಕೊಂಡು, ಇಸ್ಲಾಮಿನ ಪದ್ಧತಿಯಂತೆಯೇ ಪ್ರಾರ್ಥನೆಯನ್ನು ನಡೆಸಿಸುತ್ತಾರೆ. ಕಾಯುವವರು ತಾವಾದರೂ, ಆ ಸ್ಥಾನದ ವಿಧಿಯನ್ನು ಬಲ್ಲವರಿಗೆ ಅದರ ಹಕ್ಕನ್ನು ಬಿಟ್ಟುಕೊಟ್ಟಿದ್ದಾರೆ. ಕೇಳುವವರಿಲ್ಲದ ಸ್ಥಳವನ್ನು ತಮ್ಮದನ್ನಾಗಿ ಮಾಡಿಕೊಳ್ಳುವುದು ಸುಲಭವು. ಅದನ್ನು ಅನ್ಯರ ಒಡವೆಯೆಂದೇ ಬಗೆದು ಕಾಯುವುದು ಕಠಿಣವು. ಪರಧನವನ್ನು ಮುಟ್ಟೆನೆಂಬ ಶೀಲವು ಧರ್ಮಸ್ಥಾನಗಳ ವಿಷಯದಲ್ಲಿ ಹೀಗೆ ಪ್ರಕಟವಾಯಿತು.

ಮೇಲಣ ಶಂಕೆಗೆ ಉತ್ತರವೂ ಇದರಲ್ಲಿಯೇ ಇದೆ. ಭಕ್ತನು ಅನ್ಯರ ಸ್ಥಾನಕ್ಕೆ ಹೋಗುವುದು ತನ್ನ ಲಿಂಗವನ್ನು ಬಿಟ್ಟುಕೊಡುವುದಕ್ಕಲ್ಲ, ಅನ್ಯರ ದೇವರನ್ನು ಕಸಿದುಕೊಳ್ಳುವುದಕ್ಕೂ ಅಲ್ಲ. ಮನೆಗೆ ಹೋದ ಅತಿಥಿಯು ಮನೆಯವರ ರೀತಿಯನ್ನು ಮನ್ನಿಸುವಂತೆ, ಹೊರಗೆ ಪಾದರಕ್ಷೆ ಬಿಟ್ಟು, ತಲೆಗೆ ವಸ್ತ್ರ ಹೊದ್ದು, ನಮಾಜಿನ ವೇಳೆಯಲ್ಲಿ ಮೌನದಿಂದ ಬದಿಗೆ ಸರಿದು, ದರ್ಗಾದಲ್ಲಿ ಮುಜಾವರನು ಕೊಟ್ಟ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ಮರಳುವನು. ಎದೆಯ ಮೇಲಿನ ಲಿಂಗವು ಎದೆಯ ಮೇಲೆಯೇ ಇರುವುದು. ನಿಷ್ಠೆಯು ದೃಢವಾಗಿದ್ದವನಿಗೆ ಅನ್ಯರ ಹೊಸ್ತಿಲು ಭಯವನ್ನು ಹುಟ್ಟಿಸದು. ನಿಷ್ಠೆಯು ಸಡಿಲವಾದವನು ಮಠದಲ್ಲಿ ಕುಳಿತಿದ್ದರೂ ಹೊರಗಿನವನೇ.

ಹಿರೇಬಿದನೂರಿನವರು ಶಾಸ್ತ್ರವಿಚಾರಕ್ಕೆ ತೊಡಗದೆ ಈ ಧರ್ಮಸೂಕ್ಷ್ಮವನ್ನು ಆಚರಿಸಿ ತೋರಿಸಿರುತ್ತಾರೆ. ಅದನ್ನರಿತು ನಡೆಯುವ ಸದ್ಬುದ್ಧಿಯು ಶ್ರೀಮಠದ ಸಮಸ್ತ ಶಿಷ್ಯವರ್ಗಕ್ಕೆ ಉಂಟಾಗಲಿ. ಸರ್ವರಿಗೂ ಮಂಗಳವಾಗಲಿ.