ನೋವಿಗೆ ಮೊದಲೇ ಒಂದು ಎಕ್ಸ್‌ರೇ

ಆಕ್ಲೆಂಡಿನ ಟಾಕಾಪೂನಾದಲ್ಲಿ, ಸಮುದ್ರದ ಪಕ್ಕದ ದಿಣ್ಣೆಯ ಮೇಲೆ ವಿಲ್ಸನ್ ಹೋಮ್ ಎಂಬ ಹಳೆಯ ಮನೆಯಿದೆ. 1937ರಲ್ಲಿ ವಿಲ್ಸನ್ ದಂಪತಿ ತಾವು ವಾಸವಿದ್ದ ಮನೆಯನ್ನೇ ಅಂಗವಿಕಲ ಮಕ್ಕಳಿಗೆಂದು ಬಿಟ್ಟುಕೊಟ್ಟರು. ಅದರ ಮುಂದೆ ಹಾದುಹೋಗುವಾಗೆಲ್ಲ ನನಗೆ ಶಿವಮೊಗ್ಗದ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿರುತ್ತಿದ್ದ ದೊಡ್ಡಮ್ಮನ ಮಗ ನೆನಪಾಗುತ್ತಾನೆ. ಅವನ ಎರಡೂ ಮೊಣಕಾಲು ಗೋಡೆಯ ಕಡೆಗೇ ವಾಲಿರುತ್ತಿದ್ದವು. ಬಟ್ಟೆ ಬದಲಿಸಲು ಕಾಲು ಅಗಲಿಸಿದರೆ ಕಿರುಚುತ್ತಿದ್ದ. ಹಟ ಎಂದುಕೊಂಡಿದ್ದೆವು. ಸೊಂಟದ ಕೀಲು ಜಾರಿದರೆ ಹಾಗೆ ನೋಯುತ್ತದೆ ಎಂದು ನನಗೆ ತಿಳಿದದ್ದು ಈ ದೇಶಕ್ಕೆ ಬಂದು ಎಷ್ಟೋ ವರ್ಷಗಳ ಮೇಲೆ.

ಸೆರೆಬ್ರಲ್ ಪಾಲ್ಸಿಯ ಮಕ್ಕಳ ಸೊಂಟ ಹುಟ್ಟುವಾಗ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಪೆಟ್ಟು ಬಿದ್ದಿರುವುದು ಮಿದುಳಿಗೆ. ಅಲ್ಲಿಂದ ಬರುವ ಆಜ್ಞೆ ತಪ್ಪಿ ಒಳತೊಡೆಯ ಸ್ನಾಯುಗಳು ಸದಾ ಬಿಗಿದುಕೊಂಡು ಎಳೆಯುತ್ತವೆ. ಮಗು ಎದ್ದು ನಡೆಯದಿದ್ದರೆ ಕೀಲಿನ ಬಟ್ಟಲೂ ಸರಿಯಾಗಿ ಆಳವಾಗುವುದಿಲ್ಲ. ತೊಡೆಮೂಳೆಯ ಗುಂಡು ವರ್ಷಗಟ್ಟಲೆ ಕೂದಲೆಳೆಯಷ್ಟೇ ಸರಿಯುತ್ತಾ ಹೊರಬರುತ್ತದೆ. ಈ ಜಾರುವಿಕೆ ಬಹುಕಾಲ ಸದ್ದಿಲ್ಲದೆ ನಡೆಯುತ್ತದೆ. ನೋವು ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ.

ಈ ಕಾಯಿಲೆಗೆ ಮೊದಲು ಹೆಸರು ಬಂದದ್ದು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್‌ನಿಂದ. ಅವನ ಪಾದವೇ ಸೊಟ್ಟಗಿತ್ತು. 1836ರಲ್ಲಿ ಜರ್ಮನಿಯ ಸ್ಟ್ರೋಮೇಯರ್ ಹಿಮ್ಮಡಿಯ ಸ್ನಾಯುರಜ್ಜು ಕತ್ತರಿಸಿ ಅದನ್ನು ನೇರ ಮಾಡಿದ್ದ. 1862ರಲ್ಲಿ ಲಿಟಲ್ ಕಷ್ಟದ ಹೆರಿಗೆಗೂ ಮಕ್ಕಳ ಬಿಗಿದ ಕೈಕಾಲುಗಳಿಗೂ ಇರುವ ಸಂಬಂಧವನ್ನು ವಿವರಿಸಿದ. ಬಿಗಿದದ್ದನ್ನು ಕತ್ತರಿಸು ಎಂಬ ಉಪಾಯ ಪಾದದಿಂದ ತೊಡೆಗೂ ಬಂತು.

ನ್ಯೂಜಿಲೆಂಡಿನಲ್ಲಿ ಮೂಳೆ ವೈದ್ಯರ ಕಣ್ಣೆಲ್ಲ ಮೊದಲು ಪೋಲಿಯೊ ಮೇಲಿತ್ತು. ಕ್ರಿಪಲ್ಡ್ ಚಿಲ್ಡ್ರನ್ ಸೊಸೈಟಿ ಹುಟ್ಟಿದ್ದು 1935ರಲ್ಲಿ. ಆ ಹೆಸರನ್ನು ಇಂದು ಯಾರೂ ಇಡಲಾರರು, ಸಂಸ್ಥೆಯೂ ಅದನ್ನು ಬಿಟ್ಟು ಬಹಳ ದಿನವಾಯಿತು. 1947-48ರ ಪೋಲಿಯೊ ಹಾವಳಿಯಲ್ಲಿ ಶಾಲೆಗಳೇ ಮುಚ್ಚಿದ್ದವು. ಲಸಿಕೆ ಬಂದು ಪೋಲಿಯೊ ಕರಗಿದಾಗ ಜಗತ್ತಿನ ಅನೇಕ ಕಡೆ ಶಸ್ತ್ರವೈದ್ಯರು ತಾವು ಕಲಿತ ಕೆಲಸವನ್ನೇ ಸೆರೆಬ್ರಲ್ ಪಾಲ್ಸಿಯ ಮಕ್ಕಳ ಮೇಲೂ ಮಾಡಿದರು. ಅದು ಸುಲಭವಾಗಿ ಹೊಂದಲಿಲ್ಲ. ಪೋಲಿಯೊದಲ್ಲಿ ಸ್ನಾಯು ಸೋತಿರುತ್ತದೆ, ಇಲ್ಲಿ ಅದು ಹದ್ದುಮೀರಿ ದುಡಿಯುತ್ತದೆ. ಒಳತೊಡೆಗೆ ಹೋಗುವ ನರವನ್ನೇ ಕತ್ತರಿಸುವ ರೂಢಿಯೂ ಇತ್ತು. ಕೆಲವು ಮಕ್ಕಳ ಕಾಲು ಆಮೇಲೆ ಅಗಲಿಕೊಂಡೇ ಉಳಿದವು, ಮತ್ತೆ ಒಟ್ಟಿಗೆ ಬರಲಿಲ್ಲ.

ಹೊಸ ಕತ್ತಿಗಿಂತ ಹೊಸ ಅಳತೆಯೇ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಲೆಕ್ಕ. 1980ರಲ್ಲಿ ಡೆನ್ಮಾರ್ಕಿನ ರೈಮರ್ಸ್, ಗುಂಡಿನ ಎಷ್ಟು ಪಾಲು ಬಟ್ಟಲಿನಾಚೆ ಬಂದಿದೆ ಎಂದು ಎಕ್ಸ್‌ರೇಯಲ್ಲಿ ಶೇಕಡಾ ಲೆಕ್ಕದಲ್ಲಿ ಅಳೆದ. 1994ರಲ್ಲಿ ದಕ್ಷಿಣ ಸ್ವೀಡನ್ನಿನವರು ಇಂಥ ಮಕ್ಕಳೆಲ್ಲರ ಸೊಂಟವನ್ನು ನೋವಿಗೆ ಕಾಯದೆ, ನಿಗದಿತ ಕಾಲಕ್ಕೆ ಚಿತ್ರ ತೆಗೆದು ನೋಡತೊಡಗಿದರು. ನಿಗಾ ಇಟ್ಟ ಮಕ್ಕಳಲ್ಲಿ ಕೀಲು ಪೂರ್ತಿ ಜಾರುವುದು ಬಹುಪಾಲು ನಿಂತೇಹೋಯಿತು. ನಮ್ಮ ನೆರೆಯ ವಿಕ್ಟೋರಿಯಾ ರಾಜ್ಯದಲ್ಲಿ 323 ಮಕ್ಕಳನ್ನು ನೋಡಿದ 2006ರ ಅಧ್ಯಯನದಲ್ಲಿ ಶೇಕಡಾ 35ರಷ್ಟು ಮಕ್ಕಳ ಸೊಂಟ ಸರಿದಿತ್ತು. ಅತಿ ಕಡಿಮೆ ಚಲನೆಯಿದ್ದ ಗುಂಪಿನಲ್ಲಂತೂ ಶೇಕಡಾ 90.

ಆಕ್ಲೆಂಡಿನ ಸ್ಟಾರ್‌ಶಿಪ್ ಮಕ್ಕಳ ಆಸ್ಪತ್ರೆ ತೆರೆದದ್ದು 1991ರಲ್ಲಿ. ಇದೇ ಊರಿನ ಶಸ್ತ್ರವೈದ್ಯೆ ಸೂ ಸ್ಟಾಟ್ 2004ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಒಳತೊಡೆಯ ಸ್ನಾಯು ಬಿಡಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಅಲ್ಲಿಯವರೆಗೆ ಬಂದ ಪ್ರಬಂಧಗಳನ್ನೆಲ್ಲ ಜರಡಿ ಹಿಡಿದರು. ಇಷ್ಟು ಕಾಲದಿಂದ ಮಾಡುತ್ತ ಬಂದ ಕೆಲಸಕ್ಕೆ ಗಟ್ಟಿ ಪುರಾವೆ ಕಡಿಮೆ ಎಂಬುದು ಅದರಿಂದ ಹೊರಬಿತ್ತು. ತಮ್ಮದೇ ಕಸುಬಿನ ಬಗ್ಗೆ ಹೀಗೆ ಬರೆಯುವವರನ್ನು ಕಂಡರೆ ನನಗೆ ಗೌರವ. ನ್ಯೂಜಿಲೆಂಡಿನ ಸೆರೆಬ್ರಲ್ ಪಾಲ್ಸಿ ನೋಂದಣಿ ಆರಂಭವಾದದ್ದು 2015ರಲ್ಲಿ.

ಪರಿಚಯದ ಕನ್ನಡ ಕುಟುಂಬವೊಂದರ ಮೊಮ್ಮಗಳಿಗೆ ಇಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ತೊಡೆಮೂಳೆಯನ್ನು ಕತ್ತರಿಸಿ, ತಿರುಗಿಸಿ, ಓರೆ ಮಾಡಿ ಪ್ಲೇಟು ಸ್ಕ್ರೂ ಹಾಕುವುದು. ಬಟ್ಟಲಿನ ಮೇಲಿನ ಮೂಳೆ ಸೀಳಿ ಬಾಗಿಸಿ ಗುಂಡಿಗೆ ಚಾವಣಿ ಮಾಡುವುದು. ಊರಿನಿಂದ ಬಂದ ಅಜ್ಜಿಗೆ ಇಂಗ್ಲಿಷ್ ಬಾರದೆಂದು ನಾನು ಜೊತೆಗೆ ಹೋಗಿದ್ದೆ. "ಇಷ್ಟೆಲ್ಲ ಆದಮೇಲೆ ನಡೀತಾಳಾ?" ಎಂದು ಕೇಳು ಎಂದರು. ಕೇಳಿದೆ. ಇಲ್ಲ, ನೋವಿಲ್ಲದೆ ಕೂರುತ್ತಾಳೆ, ರಾತ್ರಿ ಮಲಗುತ್ತಾಳೆ, ಬಟ್ಟೆ ಬದಲಿಸುವಾಗ ಅಳುವುದಿಲ್ಲ ಎಂದರು ವೈದ್ಯರು. ಅದನ್ನು ಕನ್ನಡಕ್ಕೆ ತರುವಾಗ ಕೊನೆಯ ಮಾತಿಗೆ ನನ್ನ ದನಿ ನಿಂತಿತು. ಇಷ್ಟಕ್ಕಾ ಇಷ್ಟು ಕೊಯ್ಯೋದು ಎಂದು ಅಜ್ಜಿ ಮುಖ ತಿರುಗಿಸಿದರು. ಅವರಿಗೆ ಶಿವಮೊಗ್ಗದ ಆ ಚಾಪೆಯ ಕತೆ ಹೇಳಿದ್ದು ಮನೆಗೆ ವಾಪಸಾಗುವಾಗ, ಕಾರಿನಲ್ಲಿ.

ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1982ರಲ್ಲೇ ಶುರುವಾಗಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ದೊಡ್ಡಮ್ಮನ ಮಗ ಹತ್ತೊಂಬತ್ತಕ್ಕೆ ತೀರಿಕೊಂಡ. ಅಲ್ಲಿಯವರೆಗೆ ಅವನ ಎದೆಯ ಎಕ್ಸ್‌ರೇ ಎರಡು ಸಲ ತೆಗೆಸಿದ್ದರು, ಸೊಂಟದ್ದು ಒಂದೂ ಇಲ್ಲ.