ತೆರೆಯ ಮೇಲಿನ ನೀರಿಗೆ ಇನ್ನೂರು ವರ್ಷದ ಇತಿಹಾಸ



ನಮ್ಮ ಮಕ್ಕಳು 'ಬಾಹುಬಲಿ' ಚಿತ್ರದ ಜಲಪಾತವನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. 2015ರಲ್ಲಿ ಬಂದ ಆ ಚಿತ್ರದಲ್ಲಿ ಅಷ್ಟೊಂದು ನೀರು ಎಲ್ಲಿಂದ ಬಂತು ಎಂದು ತರಗತಿಯಲ್ಲಿ ಕೇಳಿದರೆ "ಗ್ರಾಫಿಕ್ಸ್ ಸಾರ್" ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿಯುತ್ತದೆ. ದೊಡ್ಡವರಾದ ನಾವೂ ಅಷ್ಟೇ. ಗುಂಡಿ ಒತ್ತಿದರೆ ಕಂಪ್ಯೂಟರ್ ನೀರು ಸುರಿಸುತ್ತದೆ ಎಂದು ತಿಳಿದಿದ್ದೇವೆ. ಆದರೆ ನೀರು ಎಂದರೇನು ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಲೆಕ್ಕ ಮಾತ್ರ. ಆ ಲೆಕ್ಕವನ್ನು ಕಟ್ಟಲು ಸುಮಾರು ಇನ್ನೂರು ವರ್ಷ ಹಿಡಿಯಿತು. ಅದರಲ್ಲಿ ಒಂದು ಅಧ್ಯಾಯ ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲೇ ನಡೆಯಿತು. ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಕಥೆ ತಲುಪಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ತೆರೆಯ ಮೇಲೆ ನೀರನ್ನು ತರಲು ಮುಖ್ಯವಾಗಿ ಎರಡು ಕೆಲಸಗಳಿವೆ. ನೀರು ಯಾವ ಕ್ಷಣದಲ್ಲಿ ಎಲ್ಲಿರುತ್ತದೆ ಎಂದು ಲೆಕ್ಕ ಹಾಕುವುದು ಮೊದಲನೆಯದು, ಇದು ಸಿಮ್ಯುಲೇಷನ್. ಆ ಲೆಕ್ಕಕ್ಕೆ ಕಣ್ಣಿಗೆ ಕಾಣುವ ಮೇಲ್ಮೈ ಹೊದಿಸುವುದು ಎರಡನೆಯದು; ಇದು ಮೆಶ್, ಎಂದರೆ ಬಲೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಬೆಳೆದು ಬಂದು ಒಂದಾದವು.

ಸಮೀಕರಣ ಹುಟ್ಟಿದ ಬಗೆ

1757ರಲ್ಲಿ ಲಿಯೊನಾರ್ಡ್ ಆಯ್ಲರ್ ನ್ಯೂಟನ್ನನ ನಿಯಮವನ್ನು ಹರಿಯುವ ವಸ್ತುವಿಗೆ ಅನ್ವಯಿಸಿ ಸಮೀಕರಣ ಬರೆದರು. ಆದರೆ ಅದರಲ್ಲಿ ನೀರಿಗೂ ಜೇನುತುಪ್ಪಕ್ಕೂ ವ್ಯತ್ಯಾಸವಿರಲಿಲ್ಲ. ಪದರ ಪದರವನ್ನು ಹಿಡಿದೆಳೆಯುವ ಗುಣ, ಅಂದರೆ ಸ್ನಿಗ್ಧತೆ, ಅಲ್ಲಿ ಇರಲಿಲ್ಲ. ಸೇತುವೆಗಳ ಇಂಜಿನಿಯರ್ ಆಗಿದ್ದ ಫ್ರಾನ್ಸಿನ ನೇವಿಯರ್ 1822ರಲ್ಲಿ ಅದನ್ನು ಸೇರಿಸಿದರು. 1845ರಲ್ಲಿ ಸ್ಟೋಕ್ಸ್ ಅದಕ್ಕೆ ಗಟ್ಟಿ ಬುನಾದಿ ಹಾಕಿದರು. ಅದೇ ನೇವಿಯರ್-ಸ್ಟೋಕ್ಸ್ ಸಮೀಕರಣ. ನೋಡಲು ಭಯವಾದರೂ ಒಳಗಿರುವುದು ಹೈಸ್ಕೂಲಿನಲ್ಲಿ ನಾವು ಕಲಿಸುವ ಪಾಠವೇ: ಬಲ ಎಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ನೀರಿನ ಪ್ರತಿಯೊಂದು ತುಣುಕನ್ನು ಒತ್ತಡ ತಳ್ಳುತ್ತದೆ, ಪಕ್ಕದ ನೀರು ಎಳೆಯುತ್ತದೆ, ಭೂಮಿ ಸೆಳೆಯುತ್ತದೆ.

ಬರೆಯುವುದು ಬೇರೆ, ಬಿಡಿಸುವುದು ಬೇರೆ. ಮೂರು ಆಯಾಮದಲ್ಲಿ ಈ ಸಮೀಕರಣಕ್ಕೆ ಯಾವಾಗಲೂ ಸರಿಯಾದ ಉತ್ತರ ಇದ್ದೇ ಇರುತ್ತದೆಯೇ ಎಂಬುದಕ್ಕೆ 2000ನೇ ಇಸವಿಯಲ್ಲಿ ಕ್ಲೇ ಗಣಿತ ಸಂಸ್ಥೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು. ಆ ಬಹುಮಾನ ಇನ್ನೂ ಹಾಗೇ ಇದೆ.

ಪೂರ್ತಿ ಬಿಡಿಸಲಾಗದ್ದನ್ನು ತುಂಡು ಮಾಡಿ ಬಿಡಿಸೋಣ ಎಂದು ಹೊರಟವರು ಇಂಗ್ಲೆಂಡಿನ ರಿಚರ್ಡ್‌ಸನ್. ಭೂಪಟವನ್ನು ಚೌಕಾಬಾರದ ಮನೆಗಳಂತೆ ಭಾಗಿಸಿ, ಒಂದೊಂದು ಮನೆಯ ಗಾಳಿಯ ಲೆಕ್ಕ ಮಾಡಿ ಹವಾಮಾನ ಹೇಳಬಹುದೆಂದು 1922ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಅದಕ್ಕೆ 64,000 ಜನ ಒಟ್ಟಿಗೆ ಕುಳಿತು ಲೆಕ್ಕ ಮಾಡಬೇಕೆಂದು ಕಲ್ಪಿಸಿಕೊಂಡಿದ್ದರು! ಅವರು ಕೈಯಲ್ಲೇ ಮಾಡಿದ ಮುನ್ಸೂಚನೆಯ ಲೆಕ್ಕ ತೀರಾ ತಪ್ಪಿತು. ಆದರೆ ದಾರಿ ಸರಿಯಾಗಿತ್ತು.

ದಡದಲ್ಲಿ ನಿಂತು, ನೀರಲ್ಲಿ ತೇಲಿ

ಹೊಳೆಯನ್ನು ಎರಡು ರೀತಿ ನೋಡಬಹುದು. ದಡದಲ್ಲಿ ಒಂದೇ ಕಡೆ ನಿಂತು ಮುಂದೆ ಹಾದುಹೋಗುವ ನೀರಿನ ವೇಗ ಬರೆದುಕೊಳ್ಳುವುದು ಒಂದು. ತೆಪ್ಪ ಹತ್ತಿ ನೀರಿನ ಜೊತೆಗೇ ತೇಲುವುದು ಇನ್ನೊಂದು. ಚೌಕದ ಮನೆಗಳ ಲೆಕ್ಕ ದಡದ ನೋಟ. ಕಣಗಳ ಲೆಕ್ಕ ತೆಪ್ಪದ ನೋಟ. ಒತ್ತಡದ ಲೆಕ್ಕಕ್ಕೆ ಮೊದಲನೆಯದು ಅನುಕೂಲ. ಚಿಮ್ಮುವ ಹನಿಯನ್ನು ಹಿಡಿಯಲು ಎರಡನೆಯದು ಅನುಕೂಲ.

ಇವೆರಡನ್ನೂ ಸೇರಿಸಿದವರು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಫ್ರಾನ್ಸಿಸ್ ಹಾರ್ಲೋ ಮತ್ತು ಅವರ ಸಂಗಡಿಗರು. ಅಣುಬಾಂಬ್ ತಯಾರಾದ ಜಾಗವೇ ಅದು. 1950ರ ದಶಕದಲ್ಲಿ ಅವರು ಮನೆಗಳೊಳಗೆ ಕಣಗಳನ್ನು ಓಡಿಸುವ 'ಪಿಕ್' ವಿಧಾನ ತಂದರು. 1965ರಲ್ಲಿ ಹಾರ್ಲೋ ಮತ್ತು ವೆಲ್ಚ್, ಕಣಗಳನ್ನು ಗುರುತಿನಂತೆ ಬಳಸಿ ನೀರು ಎಲ್ಲಿದೆ, ಎಲ್ಲಿಲ್ಲ ಎಂದು ಹೇಳುವ ವಿಧಾನ ಪ್ರಕಟಿಸಿದರು.

ಪಿಕ್ ವಿಧಾನದಲ್ಲಿ ಒಂದು ದೋಷವಿತ್ತು. ಅದನ್ನು ಶಾಲೆಯ ಉದಾಹರಣೆಯಲ್ಲೇ ಹೇಳುತ್ತೇವೆ. ಪ್ರತಿ ಪರೀಕ್ಷೆಯ ನಂತರ ತರಗತಿಯ ಸರಾಸರಿ ಅಂಕವನ್ನೇ ಎಲ್ಲ ಮಕ್ಕಳ ಅಂಕಪಟ್ಟಿಯಲ್ಲಿ ಬರೆದರೆ ಏನಾಗುತ್ತದೆ? ಜಾಣನೂ ಇಲ್ಲ, ದಡ್ಡನೂ ಇಲ್ಲ, ಎಲ್ಲರೂ ಒಂದೇ. ಹಾಗೆ ಕಣಗಳ ವೇಗವೆಲ್ಲ ಸರಾಸರಿಯಾಗಿ ನೀರು ಗಂಜಿಯಂತೆ ಕಾಣುತ್ತಿತ್ತು. 1986ರಲ್ಲಿ ಅದೇ ಪ್ರಯೋಗಾಲಯದ ಬ್ರಾಕ್‌ಬಿಲ್ ಮತ್ತು ರುಪೆಲ್ 'ಫ್ಲಿಪ್' ಎಂಬ ವಿಧಾನದಲ್ಲಿ ಇದನ್ನು ಸರಿಪಡಿಸಿದರು. ಸರಾಸರಿಯನ್ನು ಕೊಡಬೇಡಿ, ಸರಾಸರಿಯಲ್ಲಿ ಆದ ಬದಲಾವಣೆಯನ್ನು ಮಾತ್ರ ಪ್ರತಿಯೊಂದು ಕಣಕ್ಕೆ ಕೂಡಿಸಿ ಎಂಬುದು ಅವರ ಉಪಾಯ. ಪ್ರತಿ ಕಣವೂ ತನ್ನ ಗುಣ ಉಳಿಸಿಕೊಂಡಿತು. ನೀರು ಮತ್ತೆ ನೀರಾಯಿತು.

ನಮ್ಮ ಪಕ್ಕದ ಬೆಂಗಳೂರಿನಲ್ಲಿ

ಅದೇ 1986ರಲ್ಲಿ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ 'ಫ್ಲೋಸಾಲ್ವರ್' ಎಂಬ ಕಂಪ್ಯೂಟರ್ ಕೆಲಸ ಆರಂಭಿಸಿತು. ಹೆಸರೇ ಹೇಳುವಂತೆ ಹರಿವಿನ ಲೆಕ್ಕ ಬಿಡಿಸುವ ಯಂತ್ರವದು. ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ (1933-2020). ದೊಡ್ಡ ಸೂಪರ್ ಕಂಪ್ಯೂಟರುಗಳು ನಮ್ಮ ದೇಶಕ್ಕೆ ಸುಲಭವಾಗಿ ಸಿಗದಿದ್ದ ಕಾಲ ಅದು. ಸಣ್ಣ ಪ್ರೊಸೆಸರುಗಳನ್ನು ಜೋಡಿಸಿ, ಒಂದೊಂದಕ್ಕೆ ಒಂದೊಂದು ಭಾಗದ ಲೆಕ್ಕ ಹಂಚಿ, ಎಲ್ಲವೂ ಒಟ್ಟಿಗೆ ದುಡಿಯುವಂತೆ ಮಾಡಿದರು. ರಿಚರ್ಡ್‌ಸನ್ ಕನಸಿದ ಲೆಕ್ಕಿಗರ ಸಭೆಯೇ ಚಿಕ್ಕದಾಗಿ ಇಲ್ಲಿ ನಡೆಯಿತು ಎನ್ನಬಹುದು. ದೇಶದ ಮೊದಲ ಸಮಾಂತರ ಕಂಪ್ಯೂಟರುಗಳಲ್ಲಿ ಇದನ್ನು ಹೆಸರಿಸುತ್ತಾರೆ. ಪುಣೆಯ ಸಿ-ಡ್ಯಾಕ್ ಹುಟ್ಟಿದ್ದು 1988ರಲ್ಲಿ, ಅದರ ಪರಮ್ 8000 ಬಂದಿದ್ದು 1991ರಲ್ಲಿ. ಫ್ಲೋಸಾಲ್ವರ್ ಸಿನಿಮಾಕ್ಕೆ ನೀರು ಮಾಡಲಿಲ್ಲ. ವಿಮಾನದ ರೆಕ್ಕೆಯ ಮೇಲಿನ ಗಾಳಿಗೆ, ಮಳೆಯ ಮುನ್ಸೂಚನೆಗೆ ದುಡಿಯಿತು. ಆದರೆ ಬಿಡಿಸಿದ ಸಮೀಕರಣದ ಮೂಲ ಒಂದೇ.

ಸಿನಿಮಾಕ್ಕೆ ಬಂದ ನೀರು

ವಿಜ್ಞಾನಿಗಳ ಲೆಕ್ಕವನ್ನು ಚಿತ್ರಕ್ಕೆ ತಂದವರಲ್ಲಿ ನಿಕ್ ಫೋಸ್ಟರ್ ಪ್ರಮುಖರು. ಅವರು ಮತ್ತು ಮೆಟಾಕ್ಸಾಸ್ 1996ರಲ್ಲಿ ಹಾರ್ಲೋ ವಿಧಾನವನ್ನು ಚಲನಚಿತ್ರದ ನೀರಿಗೆ ಒಗ್ಗಿಸಿದರು. 1998ರ 'ಆಂಟ್ಸ್' ಚಿತ್ರದ ಪ್ರವಾಹದಲ್ಲಿ ಅದರ ಫಲ ಕಂಡಿತು. 1999ರಲ್ಲಿ ಯಾಸ್ ಸ್ಟಾಮ್ ಇನ್ನೊಂದು ತೊಡಕು ಬಿಡಿಸಿದರು. ಅಲ್ಲಿಯವರೆಗೆ ಕಾಲದ ಹೆಜ್ಜೆ ಸ್ವಲ್ಪ ದೊಡ್ಡದಾದರೂ ಸಂಖ್ಯೆಗಳು ಹುಚ್ಚಾಪಟ್ಟೆ ಬೆಳೆದು ಲೆಕ್ಕ ಕೆಡುತ್ತಿತ್ತು. ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಬದಲು, ಇಲ್ಲಿರುವ ನೀರು ಎಲ್ಲಿಂದ ಬಂತು ಎಂದು ಹಿಂತಿರುಗಿ ನೋಡಿ ಎಂದರು. ಲೆಕ್ಕ ನಿಂತಿತು. 2005ರಲ್ಲಿ ಝು ಮತ್ತು ಬ್ರಿಡ್ಸನ್ ಫ್ಲಿಪ್ ವಿಧಾನವನ್ನು ಚಿತ್ರಕಾರರ ಕೈಗೆ ಕೊಟ್ಟರು.

ನೀರಿಗೆ ಬಲೆ

ಇಷ್ಟಾದರೂ ಕೈಯಲ್ಲಿರುವುದು ಲಕ್ಷಾಂತರ ಚುಕ್ಕೆಗಳು ಮಾತ್ರ. ಚುಕ್ಕೆಗಳಲ್ಲಿ ಹೊಳಪಿಲ್ಲ, ಪ್ರತಿಬಿಂಬವಿಲ್ಲ. ಮೇಲ್ಮೈ ಬೇಕು. ಅದರ ಉತ್ತರ ಆಸ್ಪತ್ರೆಯ ಕಡೆಯಿಂದ ಬಂತು. ಸ್ಕ್ಯಾನ್ ಚಿತ್ರಗಳಿಂದ ಮೂಳೆಯ, ಅಂಗಾಂಗದ ಆಕಾರ ಕಟ್ಟಲು ಜನರಲ್ ಎಲೆಕ್ಟ್ರಿಕ್ ಕಂಪನಿಯ ಲೊರೆನ್ಸನ್ ಮತ್ತು ಕ್ಲೈನ್ 1987ರಲ್ಲಿ 'ಮಾರ್ಚಿಂಗ್ ಕ್ಯೂಬ್ಸ್' ಎಂಬ ವಿಧಾನ ಪ್ರಕಟಿಸಿದರು. ಜಾಗವನ್ನು ಸಣ್ಣ ಘನಗಳಾಗಿ ಭಾಗಿಸಿ, ಪ್ರತಿ ಘನದ 8 ಮೂಲೆಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂದು ಕೇಳಬೇಕು. ಎರಡನ್ನು ಎಂಟು ಸಲ ಗುಣಿಸಿದರೆ 256 ಬಗೆ. ತಿರುಗಿಸಿ, ಒಳಹೊರಗು ಬದಲಿಸಿ ನೋಡಿದರೆ ಅವು 15ಕ್ಕೆ ಇಳಿಯುತ್ತವೆ. ಒಂದೊಂದಕ್ಕೆ ಯಾವ ತ್ರಿಕೋನ ಹಾಕಬೇಕೆಂದು ಪಟ್ಟಿ ಮಾಡಿಟ್ಟರೆ ಬಲೆ ತಾನಾಗಿ ನೇಯ್ದುಕೊಳ್ಳುತ್ತದೆ. ಘನ ದೊಡ್ಡದಾದರೆ ಸಣ್ಣ ಹನಿಗಳು ಮಾಯ. ಘನದ ಅಳತೆ ಅರ್ಧ ಮಾಡಿದರೆ ಲೆಕ್ಕ ಎಂಟು ಪಟ್ಟು.

ಕೆರೆ, ತೂಬು, ಕಾಲುವೆ

ಈ ಎಲ್ಲ ಕೆಲಸಗಳನ್ನು ಜೋಡಿಸುವ ತಂತ್ರಾಂಶಗಳಲ್ಲಿ ಹೆಸರಾದದ್ದು ಹೂಡಿನಿ. ಕೆನಡಾದ ಟೊರಾಂಟೊದಲ್ಲಿ 1987ರಲ್ಲಿ ಆರಂಭವಾದ ಸೈಡ್ ಎಫೆಕ್ಟ್ಸ್ ಕಂಪನಿ ಅದನ್ನು 1996ರಲ್ಲಿ ಹೊರತಂದಿತು. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು 'ನೋಡ್', ಅಂದರೆ ಗಂಟು. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯಿಂದ ತೂಬು, ತೂಬಿನಿಂದ ಕಾಲುವೆ, ಕಾಲುವೆಯಿಂದ ಮಡಿ. ಮೇಲೆ ತೂಬು ತಿರುಗಿಸಿದರೆ ಕೆಳಗಿನ ಮಡಿಗಳೆಲ್ಲ ಬದಲಾಗುತ್ತವೆ. ಹಾಗೆಯೇ ಇಲ್ಲಿ ನೀರು ಹುಟ್ಟಿಸುವ ಗಂಟು, ಫ್ಲಿಪ್ ಲೆಕ್ಕದ ಗಂಟು, ಬಲೆ ನೇಯುವ ಗಂಟು, ನೊರೆ ಸೇರಿಸುವ ಗಂಟು ಸಾಲಾಗಿ ನಿಲ್ಲುತ್ತವೆ. ಮೇಲಿನ ಗಂಟಿನಲ್ಲಿ ಒಂದು ಅಂಕಿ ಬದಲಿಸಿದರೆ ಕೆಳಗಿನದೆಲ್ಲ ಹೊಸದಾಗಿ ಲೆಕ್ಕವಾಗುತ್ತದೆ. (ನೊರೆಗೆ ಮಾತ್ರ ನಮ್ಮ ಕೆಲವರಪಳ್ಳಿ ಜಲಾಶಯಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ, ಬೆಂಗಳೂರಿನ ಕೊಳಚೆ ನೀರು ದಕ್ಷಿಣ ಪಿನಾಕಿನಿಯಲ್ಲಿ ಬಂದು ಆ ಕೆಲಸ ಮಾಡಿಬಿಡುತ್ತದೆ!)

ನಮಗೇಕೆ ಈ ಇತಿಹಾಸ?

ಎಲ್ಲ ಮಕ್ಕಳೂ ಗ್ರಾಫಿಕ್ಸ್ ಕೆಲಸಕ್ಕೆ ಹೋಗಲಿ ಎಂದು ಆಸೆ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಆ ಕೆಲಸಕ್ಕೆ ಭದ್ರತೆ ಎಷ್ಟೆಂಬುದು 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕಂಪನಿ ಕುಸಿದು ಬೆಂಗಳೂರಿನ ಅದರ ಸ್ಟುಡಿಯೋ ಮುಚ್ಚಿದಾಗ ಗೊತ್ತಾಯಿತು. ಆದರೆ ಇದೇ ಲೆಕ್ಕ ಪ್ರವಾಹದ ನೀರು ಯಾವ ಬೀದಿಗೆ ನುಗ್ಗೀತು ಎಂದೂ ಹೇಳಬಲ್ಲದು. 2017ರ ನವೆಂಬರಿನಲ್ಲಿ ಕೃಷ್ಣಗಿರಿಯ ಕೆಆರ್‌ಪಿ ಅಣೆಕಟ್ಟಿನ ಗೇಟು ಮುರಿದದ್ದನ್ನು, 2024ರ ಡಿಸೆಂಬರಿನಲ್ಲಿ ಫೆಂಗಲ್ ಚಂಡಮಾರುತದ ಮಳೆಗೆ ಊತಂಗರೈಯಲ್ಲಿ ವಾಹನಗಳು ಕೊಚ್ಚಿಹೋದದ್ದನ್ನು ಕಂಡ ಜಿಲ್ಲೆ ನಮ್ಮದು. ನೀರಿನ ಲೆಕ್ಕ ಬಲ್ಲವರು ನಮ್ಮಲ್ಲೇ ಇರಬೇಕು.

ಕನ್ನಡದಲ್ಲಿ ಓದಿದರೆ ಕಂಪ್ಯೂಟರ್ ವಿದ್ಯೆ ಬಾರದು ಎಂಬ ಮಾತಿಗೆ ಹೆದರಿ ಮಕ್ಕಳನ್ನು ಶಾಲೆಯಿಂದ ಬಿಡಿಸುವ ಪೋಷಕರು ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಇದ್ದಾರೆ. ಅವರಿಗೆ ನಮ್ಮ ಉತ್ತರ ಈ ಇತಿಹಾಸ. ಇದರ ಒಂದೊಂದು ಹೆಜ್ಜೆಯೂ ಲೆಕ್ಕದಿಂದ ಹುಟ್ಟಿತು. ಇಂಗ್ಲಿಷ್ ಮುಂದೆ ಕಲಿಯಲೇಬೇಕು, ನಿಜ. ಆದರೆ ಸರಾಸರಿ, ಘನ, ಬಲ, ಒತ್ತಡ ಎಂಬುದು ಮನಸ್ಸಿಗೆ ಇಳಿಯುವುದು ಮನೆಯ ಮಾತಿನಲ್ಲಿ.

ಸಹೋದ್ಯೋಗಿ ಶಿಕ್ಷಕರಲ್ಲಿ ಒಂದು ವಿನಂತಿ. ಚೌಕದ ಗೆರೆಯ ಗಣಿತದ ಪುಸ್ತಕದಲ್ಲಿ ಊರ ಕೆರೆಯ ಆಕಾರವನ್ನು ಪೆನ್ಸಿಲಿನಲ್ಲಿ ತೆಳುವಾಗಿ ಬರೆಸಿ. ನೀರಿನೊಳಗೆ ಬರುವ ಮೂಲೆಗಳಿಗೆಲ್ಲ ಚುಕ್ಕೆ ಇಡಿಸಿ, ಆಮೇಲೆ ಪೆನ್ಸಿಲ್ ಗೆರೆ ಅಳಿಸಿ. ಚುಕ್ಕೆಗಳನ್ನು ಮಾತ್ರ ನೋಡಿ ಪ್ರತಿ ಚೌಕದಲ್ಲೂ ದಡದ ಗೆರೆ ಎಲ್ಲಿ ಹಾದುಹೋಗಬೇಕೆಂದು ಮಕ್ಕಳೇ ಎಳೆಯಲಿ. ನಾಲ್ಕು ಮೂಲೆಗೆ 16 ಬಗೆ ಮಾತ್ರ. ಕಂಪ್ಯೂಟರ್ ಇಲ್ಲದೆಯೇ ಕೆರೆ ಪುಟದ ಮೇಲೆ ಮತ್ತೆ ಮೂಡುತ್ತದೆ.